ಬೈಗುಳ ನಿಂತುಹೋದ ಚಳಿಗಾಲ

ಕಳೆದ ಭಾನುವಾರ ಮೊಮ್ಮಗ ನಿಶಾಂತ ಡ್ಯಾನ್‌ವಿಲ್ಲಿನ ಈ ಮನೆಯಲ್ಲಿ ಹಸಿರು ಟೀ ಕುದಿಯಲು ಇಟ್ಟು ಮರೆತ. ಪುದೀನ ಸೊಪ್ಪು ಹಾಕಿದ್ದ, ಸಕ್ಕರೆಯನ್ನು ಧಾರಾಳವಾಗಿ ಸುರಿದಿದ್ದ. ಫೋನು ನೋಡುತ್ತ ನಿಂತವನಿಗೆ ಅದು ಉಕ್ಕಿದ್ದು ಕಾಣಲಿಲ್ಲ. ಒಲೆಯ ಮೇಲೆ ಚೆಲ್ಲಿದ ಸಕ್ಕರೆ ಸೀದು, ಕಹಿಯೂ ಸಿಹಿಯೂ ಕಲೆತ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಸೆರಗನ್ನು ಎಳೆದು ಬಾಯಿಗೆ ಅಡ್ಡ ಹಿಡಿಯಿತು.

"ಅಜ್ಜಿ, ಆರ್ ಯು ಓಕೆ? ಯಾಕೆ ಬಾಯಿ ಮುಚ್ಕೊಂಡ್ರಿ?" ಎಂದ.

"ಏನಿಲ್ಲ ಮಗ, ಹೊಗೆ" ಎಂದೆ.

ಹೊಗೆಗಲ್ಲ. ಅದನ್ನು ಅವನಿಗೆ ನಿಂತ ಮೆಟ್ಟಿನಲ್ಲಿ ಹೇಳಲು ನನಗೆ ಆಗಲಿಲ್ಲ. ಎದುರಿಗೆ ಒಬ್ಬರು ಕೂತು ಕೇಳಿಸಿಕೊಳ್ಳುತ್ತಿದ್ದಾರೆ ಎಂದರೆ ನನಗೆ ಮಾತು ಹೊರಡುವುದಿಲ್ಲ, ಚಿಕ್ಕಂದಿನಿಂದಲೂ ಹಾಗೇ. ಬರೆಯಬಲ್ಲೆ. ನಮ್ಮೂರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅನಘ, ನಿಶಾಂತ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಓದಲು ತೊಡಕಾದರೆ ನಿಮ್ಮಮ್ಮ ಓದಿ ಹೇಳಲಿ.

ಅದು ಎರಡು ಸಾವಿರನೇ ಇಸವಿ. ನಿಮ್ಮ ತಾತ ತೀರಿಕೊಂಡು ವರ್ಷ ತುಂಬಿದ ಮೇಲೆ ನಿಮ್ಮಮ್ಮನ ಎರಡನೇ ಬಾಣಂತನಕ್ಕೆಂದು ನಾನು ಮಂಡ್ಯದ ಕಡೆಯ ಹಳ್ಳಿಯಿಂದ ಹೊರಟು ವಿಮಾನ ಹತ್ತಿ ಈ ದೇಶಕ್ಕೆ ಬಂದೆ. ಆಗ ನೀವು ಇದ್ದದ್ದು ಹೇವರ್ಡಿನಲ್ಲಿ, ಎರಡು ಮಹಡಿಯ ಹಳೆಯ ಅಪಾರ್ಟ್‌ಮೆಂಟಿನಲ್ಲಿ. ನಿಮ್ಮಪ್ಪ ಬೆಳಿಗ್ಗೆ ಸೇತುವೆ ದಾಟಿ ಫಾಸ್ಟರ್ ಸಿಟಿಯ ಆಫೀಸಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು. ಶನಿವಾರ ನೆಂಟರಿಷ್ಟರು ಸೇರಿದರೆ ಬರೀ ಕಂಪನಿಗಳ ಮಾತು. ನೆನ್ನೆ ಹುಟ್ಟಿದ ಕಂಪನಿ ಇವತ್ತು ಆಕಾಶಕ್ಕೆ ಹೋಯಿತು, ನಾಳೆ ಮುಚ್ಚಿತು ಎಂದು. ನನಗೆ ಅದರಲ್ಲಿ ಒಂದೂ ತಿಳಿಯುತ್ತಿರಲಿಲ್ಲ. ತಿಳಿದದ್ದು ಗುಡ್ಡಗಳು ಮಾತ್ರ. ಬೇಸಿಗೆಯೆಲ್ಲ ಮಳೆಯಿಲ್ಲದೆ ಒಣಗಿ, ಹುಲ್ಲು ಬಣವೆಯ ಬಣ್ಣಕ್ಕೆ ತಿರುಗಿದ್ದ ಗುಡ್ಡಗಳು.

ನಮ್ಮ ಪಕ್ಕದ ಮನೆಯಲ್ಲಿ ಫದಿಮಾತಾ ಇದ್ದಳು. ಆಫ್ರಿಕಾದ ನೈಜರ್ ಎಂಬ ದೇಶದವಳು, ಮರಳುಗಾಡಿನ ತುವಾರೆಗ್ ಜನ. ಎತ್ತರದ ಹುಡುಗಿ, ಆಗಲೇ ಬಸುರಿ. ಬಾಗಿಲ ಮುಂದಿನ ಕಿರುಜಾಗದಲ್ಲಿ ಪುಟ್ಟ ಇದ್ದಿಲ ಒಲೆ ಇಟ್ಟುಕೊಂಡು, ನೀಲಿ ಬಣ್ಣದ ಟೀ ಪಾತ್ರೆಯಲ್ಲಿ ಹಸಿರು ಟೀ ಕುದಿಸುತ್ತಿದ್ದಳು. ಅದನ್ನು ಒಂದು ಗಾಜಿನ ಲೋಟದಿಂದ ಇನ್ನೊಂದಕ್ಕೆ ಎತ್ತರದಿಂದ ಹೊಯ್ದು ನೊರೆ ಬರಿಸುತ್ತಿದ್ದಳು. ಮ್ಯಾನೇಜರು ಬಂದು ಇಲ್ಲಿ ಬೆಂಕಿ ಹಾಕಬಾರದು ಎಂದು ಹೇಳಿ ಹೋಗುತ್ತಿದ್ದ. ಅವನು ಮೂಲೆ ತಿರುಗಿದ ಮೇಲೆ ಅವಳು ನನ್ನತ್ತ ಕಣ್ಣು ಹೊಡೆದು ಮತ್ತೆ ಬೀಸಣಿಗೆ ಆಡಿಸುತ್ತಿದ್ದಳು. ಅವಳಿಗೂ ಇಂಗ್ಲಿಷು ಮುರುಕು, ನನಗೂ ಮುರುಕು. ಆದರೂ ನಮಗೆ ಸಾಕಾಗುತ್ತಿತ್ತು. ಅವರ ಮಾತನ್ನು ನನಗೆ ಕೇಳಿಸಿದ ಹಾಗೆ, ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಮೊದಲ ಸಲ ನನ್ನ ಎದೆ ಧಸಕ್ಕೆಂದದ್ದು ಒಂದು ಮಧ್ಯಾಹ್ನ. ನಾನು ಅವಳ ಬಾಗಿಲಲ್ಲಿ ಸೊಪ್ಪು ಸೋಸುತ್ತ ಕೂತಿದ್ದೆ. ವ್ಯಾನು ನಿಲ್ಲಿಸಿ ಒಬ್ಬ ಗಟ್ಟಿ ಆಳು ಇಳಿದು ಬಂದ. ಬಂದವನೇ ಮಹಡಿ ಮೆಟ್ಟಿಲಿನ ಕೆಳಗಿನಿಂದಲೇ ಕೂಗಿದ.

"ಎಲ್ಲವ್ನೆ ನನ್ನ ಗುಲಾಮ? ಎದ್ದವ್ನೋ, ಇಲ್ಲ ಒಂಟೆ ಹಂಗೆ ಮೆಲುಕು ಹಾಕ್ತಾ ಬಿದ್ದವ್ನೋ? ಬಂದು ಚಪ್ಪಲಿ ಬಿಚ್ಚಲಾ!"

ಒಳಗಿನಿಂದ ಫದಿಮಾತಾಳ ಗಂಡ ಅತ್ತಾಹೆರ್ ಹೊರಗೆ ಬಂದ. ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ಗೋದಾಮಿನಲ್ಲಿ ಪೆಟ್ಟಿಗೆ ಇಳಿಸುವ ಕೆಲಸ. ಇನ್ನೇನು ಹೊಡೆದಾಟ ಆಗುತ್ತದೆ ಎಂದು ನಾನು ಪಕ್ಕದಲ್ಲಿ ಆಡುತ್ತಿದ್ದ ಅನಘಳನ್ನು ಎಳೆದುಕೊಂಡು ಗೋಡೆಗೆ ಒರಗಿದೆ.

"ನದಿ ದಡದ ಕಪ್ಪೆ ವಟಗುಟ್ತಾ ಇದೆ, ಮಳೆ ಬರ್ತದೆ ಅಂತ ಕಾಣ್ತದೆ," ಎಂದ ಅತ್ತಾಹೆರ್. "ನಿಮ್ಮಜ್ಜೀನ ಮಾರಿ ನಮ್ಮ ತಾತ ಒಂದು ಕುಂಟ ಆಡು ತಗೊಂಡ. ಆ ಆಡಿಗೂ ನಿಮ್ಮಜ್ಜಿಗಿಂತ ಬುದ್ಧಿ ಇತ್ತು."

ಇಬ್ಬರೂ ಹತ್ತಿರ ಬಂದರು. ಕೈ ಹಿಡಿದುಕೊಂಡರು. ಬಿದ್ದು ಬಿದ್ದು ನಕ್ಕರು.

ನಾನು ಸೊಪ್ಪಿನ ತಟ್ಟೆ ಅಲ್ಲೇ ಬಿಟ್ಟು ಒಳಗೆ ಓಡಿಬಂದೆ. "ಅವ್ವ, ಅವ್ರು ಜೋಕ್ ಮಾಡ್ತಾರೆ ಅಷ್ಟೇ, ಟೆನ್ಷನ್ ಮಾಡ್ಕೋಬೇಡ," ಎಂದಳು ನಿಮ್ಮಮ್ಮ. ನನಗೆ ನಂಬಿಕೆ ಬರಲಿಲ್ಲ. ಗುಲಾಮ ಎನ್ನುವುದು ಜೋಕೇ? ಅಜ್ಜಿಯನ್ನು ಮಾರಿದ್ದು ಜೋಕೇ? ಆ ಕಡೆ ನಿಜವಾಗಿಯೂ ಹಿಂದೆ ಜನರನ್ನು ಮಾರುತ್ತಿದ್ದರು, ಗುಲಾಮರಾಗಿ ಇಟ್ಟುಕೊಳ್ಳುತ್ತಿದ್ದರು ಎಂದು ಫದಿಮಾತಾ ಆಮೇಲೆ ಹೇಳಿದಳು. ಅದನ್ನು ಕೇಳಿದ ಮೇಲಂತೂ ಅವರ ನಗು ಇನ್ನೂ ವಿಚಿತ್ರವಾಗಿ ಕೇಳಿಸಿತು.

ಆ ಗಟ್ಟಿ ಆಳಿನ ಹೆಸರು ಸೌಮಾನ. ಅದೇ ದೇಶದವನು, ಆದರೆ ಮರಳುಗಾಡಿನವನಲ್ಲ. ದಕ್ಷಿಣದ ನದಿ ದಡದ ಜರ್ಮಾ ಜನ. ವಿಮಾನ ನಿಲ್ದಾಣಕ್ಕೆ ವ್ಯಾನು ಓಡಿಸುತ್ತಿದ್ದ. ನನಗೆ ಬಿಡಿಸಿ ಹೇಳಿದವನು ಅವನೇ.

"ನೋಡಮ್ಮ, ಇವರ ಕುಲಕ್ಕೂ ನಮ್ಮ ಕುಲಕ್ಕೂ ಹಿರಿಯರ ಕಾಲದಿಂದ ಬೈಯೋ ನೆಂಟಸ್ತಿಕೆ. ನಾನು ಬೈದ್ರೆ ಇವನು ಕೋಪ ಮಾಡ್ಕೋಬಾರದು. ತಿರುಗಿ ಬೈಯ್ಲೇಬೇಕು. ಬೈಯ್ದೆ ಸುಮ್ಕಿದ್ರೆ ನೆಂಟಸ್ತಿಕೆ ಹರಿದಂಗೆ."

ಆಗ ನನಗೆ ಹೊಳೆಯಿತು. ಇದು ನಮ್ಮ ಭಾವ ಮೈದುನರ ಕುಚೋದ್ಯದ ಹಾಗೆ. ನಿಮ್ಮ ತಾತ ನಮ್ಮಣ್ಣನ ಮನೆ ಬಾಗಿಲಿಗೆ ಹೋದರೆ, "ಏನ್ ಭಾವ, ಇನ್ನೂ ಸತ್ತಿಲ್ವಾ?" ಎನ್ನುತ್ತಿದ್ದರು. ನಮ್ಮಣ್ಣ ಎದ್ದು ಬಂದು, "ನಿನ್ನ ತಿಥಿ ವಡೆ ತಿಂದೇ ಸಾಯೋದು ಕಣ್ಲಾ" ಎನ್ನುತ್ತಿದ್ದ. ನಿಮ್ಮ ತಾತ ಹೋದಾಗ ನಮ್ಮಣ್ಣ ಹೆಣದ ಪಕ್ಕದಲ್ಲಿ ಕೂತು, "ಮಾತಿಗೆ ಹೇಳಿದ್ರೆ ನಿಜ ಮಾಡ್ಬುಟ್ಟಲ್ಲೋ" ಎಂದು ಅತ್ತ. ತಿಥಿಯ ದಿನ ಎಲೆಯ ಮೇಲಿದ್ದ ವಡೆಯನ್ನು ಮುಟ್ಟಲಿಲ್ಲ. ಸೌಮಾನನಿಗೆ ಇದನ್ನು ಹೇಳಿದೆ. ಅಷ್ಟು ಉದ್ದ ಮಾತನ್ನು ಪರ ಗಂಡಸಿನ ಮುಂದೆ ನಾನು ಆಡಿದ್ದು ಅದೇ ಮೊದಲು. ಅವನು "ನಿಮ್ಮಣ್ಣ ನಮ್ಮೋನೇ ಬಿಡಮ್ಮ" ಎಂದ. ಆಮೇಲೆ ಅವನು ಬಂದಾಗಲೆಲ್ಲ ರಾಗಿಮುದ್ದೆ ಮಾಡುತ್ತಿದ್ದೆ. ಅವರ ಊರಲ್ಲಿ ಸಜ್ಜೆ ಹಿಟ್ಟಿನದು ಹೀಗೇ ಮಾಡುತ್ತಾರಂತೆ. ಬೆರಳಲ್ಲಿ ಮುರಿದು ಸಾರಿನಲ್ಲಿ ಅದ್ದಿ ನುಂಗುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಇನ್ನು ಅತ್ತಾಹೆರನ ಸಂಗತಿ. ಒಂದು ದಿನ ಫದಿಮಾತಾಗೆ ಸೊಂಟ ಹಿಡಿದುಕೊಂಡು ಏಳಲಾಗದೆ, ನಾನು ಎಣ್ಣೆ ಹಚ್ಚಿ ನೀವಿದೆ. ಅವಳು ಅತ್ತು, "ಇಲ್ಲಿ ನೀನೇ ನನ್ನ ಅವ್ವ" ಎಂದು ತಬ್ಬಿಕೊಂಡಳು. ಆ ಸಂಜೆಯಿಂದ ಅವಳ ಗಂಡ ನನ್ನನ್ನು ಕಂಡರೆ ಸಾಕು, ತಲೆಗೆ ಸುತ್ತಿದ ಬಟ್ಟೆಯ ಅಂಚನ್ನು ಮೂಗಿನವರೆಗೆ ಎಳೆದುಕೊಳ್ಳಲು ಶುರುಮಾಡಿದ. ನೆಲ ನೋಡುತ್ತ ನಿಲ್ಲುವನು. ಒಂದು ತುತ್ತೂ ತಿನ್ನುವುದಿಲ್ಲ, ಒಂದು ಮಾತೂ ಜೋರಾಗಿ ಆಡುವುದಿಲ್ಲ. ನನ್ನಿಂದ ಏನು ತಪ್ಪಾಯಿತೋ ಎಂದು ಗಾಬರಿಯಾಯಿತು.

"ತಪ್ಪಲ್ಲ," ಎಂದು ಫದಿಮಾತಾ ನಕ್ಕಳು. "ನೀನು ನನ್ನ ಅವ್ವ ಆದ ಮೇಲೆ ಅವನಿಗೆ ಅತ್ತೆ ಆಗ್ಲಿಲ್ವ? ನಮ್ಮಲ್ಲಿ ಗಂಡಸು ಅತ್ತೆಗೆ ಬಾಯಿ ತೋರಿಸೋದು ನಾಚಿಕೆಗೇಡು."

ನನಗೂ ಅಳಿಯಂದಿರ ಮುಂದೆ ನಿಂತು ಅಭ್ಯಾಸವಿಲ್ಲವಲ್ಲ. ನಿಮ್ಮಪ್ಪ ಆಫೀಸಿನಿಂದ ಬಂದರೆ ನಾನು ಅಡುಗೆಕೋಣೆಯ ಒಳಗೆ ಸೇರುತ್ತಿದ್ದೆ. ಅವರು ಉಂಡು ಎದ್ದ ಮೇಲೆ ನನ್ನ ಊಟ. "ಅತ್ತೆ, ಬನ್ನಿ, ಟೇಬಲ್ಲಿಗೆ ಬನ್ನಿ" ಎಂದು ಕರೆದೂ ಕರೆದೂ ಅವರಿಗೆ ಸಾಕಾಗಿತ್ತು. ಈಗ ಪಕ್ಕದ ಮನೆಯಲ್ಲೂ ಒಬ್ಬ ಅಳಿಯ. ಅವನು ನನ್ನ ಕಂಡು ಬಟ್ಟೆ ಎಳೆದುಕೊಳ್ಳುವನು, ನಾನು ಅವನ ಕಂಡು ಸೆರಗು ಎಳೆದುಕೊಳ್ಳುವೆನು. ಸೌಮಾನ ಇದನ್ನು ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದ. "ಇಬ್ರು ಕಳ್ಳರು ಒಬ್ಬರಿಗೊಬ್ಬರು ಹೆದರ್ದಂಗೆ ಐತೆ!"

ಇಷ್ಟು ನಾಚಿಕೆಯ ಮನುಷ್ಯನ ಹಿಂದೆ ಏನಿತ್ತು ಎಂದು ನನಗೆ ಗೊತ್ತಿರಲಿಲ್ಲ. ಫದಿಮಾತಾ ಟೀ ಹೊಯ್ಯುತ್ತ ಅಷ್ಟಷ್ಟೇ ಹೇಳುತ್ತಿದ್ದಳು. ಬರ ಬಂದು ದನಕರು ಸತ್ತದ್ದು. ಅವರ ನೆಲದಿಂದ ಯುರೇನಿಯಂ ಅಗೆದು ಒಯ್ದರೂ ಅವರ ಮಕ್ಕಳಿಗೆ ಶಾಲೆಯಿಲ್ಲ, ಕೆಲಸವಿಲ್ಲ, ಸರ್ಕಾರದಲ್ಲಿ ಕೇಳುವವರಿಲ್ಲ ಎಂದು ಹುಡುಗರು ಸಿಟ್ಟಿಗೆದ್ದದ್ದು. ಸೈನಿಕರು ಊರೂರಿಗೆ ನುಗ್ಗಿದ್ದು. ಅತ್ತಾಹೆರನ ಅಪ್ಪ ಬಾವಿಯ ಹತ್ತಿರ ನೀರು ಸೇದುತ್ತಿದ್ದವರು, ಕೈಯಲ್ಲಿ ಹಗ್ಗ ಹಿಡಿದಿದ್ದ ಹಾಗೆಯೇ ಗುಂಡು ತಿಂದು ಬಿದ್ದದ್ದು. ಆಮೇಲೆ ಹುಡುಗರು ಬಂದೂಕು ಹಿಡಿದು ಬೆಟ್ಟಗಳಿಗೆ ಸೇರಿದರಂತೆ. ಒಪ್ಪಂದವಾಯಿತು, ಮುರಿಯಿತು, ಮತ್ತೆ ಆಯಿತಂತೆ. ಇದನ್ನೆಲ್ಲ ಹೇಳುವಾಗ ಅವಳ ಕೈಯ ಲೋಟ ಅಲುಗುತ್ತಿರಲಿಲ್ಲ. ನಾನು ನನ್ನ ಲೋಟವನ್ನು ಕೆಳಗಿಡುತ್ತಿದ್ದೆ.

ಆ ವರ್ಷ ಬೇಸಿಗೆ ಕಳೆದ ಮೇಲೆ ಅವರ ದೇಶದಿಂದ ಸುದ್ದಿ ಬಂತು. ಅಗಾದೆಜ್ ಎಂಬ ಊರಿನಲ್ಲಿ ಬಂಡೆದ್ದವರ ಬಂದೂಕುಗಳನ್ನೆಲ್ಲ ಒಟ್ಟಿ ಬೆಂಕಿ ಹಚ್ಚಿದರು, ಇನ್ನು ಯುದ್ಧ ಮುಗಿಯಿತು ಎಂದು. ಯಾರೋ ಬಂಧುಗಳು ಅದರ ವಿಡಿಯೊ ಕ್ಯಾಸೆಟ್ಟು ಕಳಿಸಿದರು. ಇಲ್ಲಿಯ ಟಿವಿಯಲ್ಲಿ ಅದು ಓಡಲಿಲ್ಲ, ಬರೀ ಗೆರೆ. ಅತ್ತಾಹೆರ್ ಸಪ್ಪಗಾದ. ಆಗ ನಿಮ್ಮಪ್ಪ, "ನಮ್ ಮದುವೆ ಕ್ಯಾಸೆಟ್ಟೂ ಹಿಂಗೇ ಆಗಿತ್ತು, ಸನಿವೇಲ್‌ನಲ್ಲಿ ನಮ್ಮೋರ ಅಂಗಡಿ ಇದೆ, ಇಲ್ಲೀ ಟಿವಿಗೆ ಕನ್ವರ್ಟ್ ಮಾಡ್ಕೊಡ್ತಾರೆ" ಎಂದು ತೆಗೆದುಕೊಂಡು ಹೋದರು. ಊರಿನ ಮದುವೆ, ನಾಮಕರಣಗಳ ಕ್ಯಾಸೆಟ್ಟುಗಳ ಜೊತೆ ಇದೂ ಆ ಅಂಗಡಿಯಲ್ಲಿ ಕೂತಿತ್ತು. ವಾಪಸು ಬಂದಾಗ ಅಂಗಡಿಯವನು ಎಲ್ಲಕ್ಕೂ ಅಂಟಿಸುವ ಗಣೇಶನ ಚೀಟಿಯನ್ನು ಇದಕ್ಕೂ ಅಂಟಿಸಿದ್ದ.

ಅದನ್ನು ನೋಡಲು ಎಲ್ಲರೂ ನಮ್ಮ ಮನೆಗೇ ಬಂದರು. ನಮ್ಮದು ದೊಡ್ಡ ಟಿವಿ. ಮೊದಲ ಮಳೆ ಆಗಲೇ ಹನಿಯುತ್ತಿತ್ತು. ಫದಿಮಾತಾ ನಮ್ಮ ಗ್ಯಾಸಿನ ಒಲೆಯ ಮೇಲೆ ಟೀ ಇಟ್ಟಳು. ಸೌಮಾನ ಸೋಫಾದ ಮೇಲೆ ಕಾಲು ಚಾಚಿ ಕೂತು, "ಗುಲಾಮ, ನಿಮ್ ಜನ ಕೊನೆಗೂ ಬೆಂಕಿ ಹಚ್ಚೋದ ಕಲಿತ್ರು ನೋಡು" ಎಂದು ರೇಗಿಸಿದ. ನಾನು ಅಡುಗೆಕೋಣೆಯ ಬಾಗಿಲ ಸಂದಿನಲ್ಲಿ ನಿಂತು ನೋಡುತ್ತಿದ್ದೆ.

ಮರಳಿನ ಮೇಲೆ ಒಂದು ರಾಶಿ. ಮೊದಲು ಸೌದೆ ಎಂದುಕೊಂಡೆ. ಕ್ಯಾಮೆರಾ ಹತ್ತಿರ ಹೋದಾಗ ಕಂಡಿತು, ಅಷ್ಟೂ ಬಂದೂಕು. ನಾನು ಹುಟ್ಟಿದ ಮೇಲೆ ಅಷ್ಟು ಬಂದೂಕನ್ನು ಒಟ್ಟಿಗೆ ನೋಡಿರಲಿಲ್ಲ. ಒಂದೊಂದರ ಹಿಂದೆ ಒಬ್ಬೊಬ್ಬ ಮನುಷ್ಯ ಇದ್ದನಲ್ಲ ಎಂದು ಯೋಚಿಸಿ ಮೈ ತಣ್ಣಗಾಯಿತು. ಬೆಂಕಿ ಹಚ್ಚಿದರು. ಕಪ್ಪು ಹೊಗೆ. ಹೆಂಗಸರು ನಾಲಿಗೆ ಹೊರಳಿಸಿ ಸಂತೋಷದ ಕೂಗು ಹಾಕಿದರು. ಆಮೇಲೆ ಮುಖಕ್ಕೆ ಬಟ್ಟೆ ಸುತ್ತಿದ ಒಂದು ಸಾಲು ಜನ, ಬರೀ ಕಣ್ಣು ಕಾಣುತ್ತಿದ್ದವು.

ಅತ್ತಾಹೆರ್ ತಟ್ಟನೆ ಟಿವಿಯ ಹತ್ತಿರ ಹೋಗಿ ಗಾಜಿನ ಮೇಲೆ ಬೆರಳಿಟ್ಟ. ಸಂತೋಷದಲ್ಲಿ ನನ್ನ ಇರವನ್ನೇ ಮರೆತಿದ್ದ. "ಇವ್ರು! ಇವ್ರು ನಮ್ಮ ಗುಂಪಿನೋರು! ನಾನು ಎರಡು ವರ್ಷ ಇವ್ರ ಜೊತೆ ಇದ್ದೆ, ಬೆಟ್ಟದ ದಾರೀಲಿ!"

"ಯಾವ ದಾರಿ?" ಎಂದ ಸೌಮಾನ. ನಗುತ್ತಲೇ ಕೇಳಿದ.

ಅತ್ತಾಹೆರ್ ಒಂದು ಕಣಿವೆಯ ಹೆಸರು ಹೇಳಿದ.

ಸೌಮಾನ ಚಾಚಿದ ಕಾಲನ್ನು ಮಡಿಸಿಕೊಂಡ. ಯಾವ ವರ್ಷ ಎಂದು ಕೇಳಿದ. ಅತ್ತಾಹೆರ್ ಹೇಳಿದ. ಟಿವಿಯಲ್ಲಿ ಬೆಂಕಿ ಉರಿಯುತ್ತಲೇ ಇತ್ತು. ಸೌಮಾನ ಎದ್ದು ನಿಂತ. ಅಂಗಿಯನ್ನು ನೇರ ಮಾಡಿಕೊಂಡ. ಟೀ ಲೋಟವನ್ನು ಶಬ್ದವಾಗದಂತೆ ಮೇಜಿನ ಮೇಲಿಟ್ಟು, ತುಂಬ ಮರ್ಯಾದೆಯಿಂದ ಹೇಳಿದ: "ಟೀಗೆ ಧನ್ಯವಾದ, ಅತ್ತಾಹೆರ್ ಅವರೆ. ನಿಮ್ಮ ಮನೆಯವರಿಗೆ ಆರೋಗ್ಯ ಕೊಡಲಿ ದೇವರು. ನಾನು ಬರ್ತೀನಿ."

ಹೊರಗೆ ಹೋಗಿ ಬಾಗಿಲನ್ನು ಮೆತ್ತಗೆ ಹಾಕಿಕೊಂಡ.

ನಿಮ್ಮಪ್ಪ ನಿಮ್ಮಮ್ಮ ಮುಖ ಮುಖ ನೋಡಿಕೊಂಡರು. "ವಾಟ್ ಹ್ಯಾಪನ್ಡ್? ಎಷ್ಟು ನೀಟಾಗಿ ಮಾತಾಡಿದ್ರಲ್ಲ!" ಎಂದರು ನಿಮ್ಮಪ್ಪ. ಫದಿಮಾತಾ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಒಳಗೆ ಒಲೆಯ ಮೇಲೆ ಟೀ ಉಕ್ಕಿ, ಸಕ್ಕರೆ ಸೀದು, ಮನೆಯೆಲ್ಲ ಆ ಹೊಗೆ. ಯಾರೂ ಹೋಗಿ ಆರಿಸಲಿಲ್ಲ. ಅತ್ತಾಹೆರನ ತಲೆಬಟ್ಟೆ ಕುತ್ತಿಗೆಗೆ ಜಾರಿತ್ತು. ಅವನ ಬಾಯನ್ನು ನಾನು ಆಗ ಪೂರ್ತಿ ನೋಡಿದೆ. ತುಟಿ ಬಿಳಿಚಿಕೊಂಡಿತ್ತು. ನಾನೇ ಸೆರಗನ್ನು ಬಾಯಿಗೆ ಎಳೆದುಕೊಂಡೆ.

ಸೌಮಾನನ ತಮ್ಮ ಹಾಮ ಎನ್ನುವವನು ಸೈನ್ಯದ ಲಾರಿಯಲ್ಲಿ ಅಡುಗೆಯವನಾಗಿದ್ದನಂತೆ. ಆ ಕಣಿವೆಯಲ್ಲಿ, ಆ ವರ್ಷ, ಲಾರಿಯ ಮೇಲೆ ಬೆಟ್ಟದಿಂದ ಗುಂಡು ಬಿತ್ತು. ಅಡುಗೆಯವನೂ ಉಳಿಯಲಿಲ್ಲ. ಇದನ್ನು ಫದಿಮಾತಾ ಮರುದಿನ ಬೇರೆ ಊರಿನಲ್ಲಿದ್ದ ಅವರ ದೇಶದವರಿಂದ ಫೋನಿನಲ್ಲಿ ಕೇಳಿ ತಿಳಿದು, ನನ್ನ ತೊಡೆಯ ಮೇಲೆ ತಲೆಯಿಟ್ಟು ಹೇಳಿದಳು. ಸೌಮಾನ ತಮ್ಮನ ವಿಷಯವನ್ನು ಅವರ ಹತ್ತಿರ ಒಂದು ದಿನವೂ ಎತ್ತಿರಲಿಲ್ಲ. ಅತ್ತಾಹೆರ್ ಬಂದೂಕು ಹಿಡಿದಿದ್ದನ್ನು ಸೌಮಾನನ ಹತ್ತಿರ ಎತ್ತಿರಲಿಲ್ಲ. ಬೈಗುಳದ ನೆರಳಿನಲ್ಲಿ ಇಬ್ಬರೂ ತಂಪಾಗಿ ಕೂತಿದ್ದರು.

ನನ್ನ ಕಂಡರೆ ನೆಲ ನೋಡುವ ಈ ಹುಡುಗ ಮನುಷ್ಯರ ಮೇಲೆ ಗುಂಡು ಹಾರಿಸಿದ್ದನೇ? ನಾನು ಅವನಿಗೆಂದು ಬಾಗಿಲಲ್ಲಿ ಮುಚ್ಚಿಟ್ಟು ಬರುತ್ತಿದ್ದ ಅನ್ನದ ತಟ್ಟೆ ನೆನಪಾಯಿತು. ಮರುಕ್ಷಣ ಬಾವಿಯ ಹಗ್ಗ ಹಿಡಿದ ಅವನ ಅಪ್ಪ ಕಣ್ಣಿಗೆ ಬಂದರು. ಯಾವ ಕಡೆ ತಿರುಗಿದರೂ ಒಂದು ಹೆಣ. ಟಿವಿಯಲ್ಲಿ ಬಂದೂಕು ಸುಟ್ಟರು ಎಂದು ನಾವೆಲ್ಲ ಟೀ ಕುಡಿದೆವಲ್ಲ, ಸುಟ್ಟದ್ದು ಬರೀ ಕಬ್ಬಿಣ.

ಆಮೇಲೆ ಮಳೆ ಹಿಡಿಯಿತು. ಈ ಊರಿನ ಮಳೆ ಅಬ್ಬರಿಸುವುದಿಲ್ಲ, ದಿನವಿಡೀ ಸುಮ್ಮನೆ ಸುರಿಯುತ್ತದೆ. ಒಣಗಿದ್ದ ಗುಡ್ಡಗಳು ನೋಡನೋಡುತ್ತ ಹಸಿರಾದವು. ಸೌಮಾನ ಬರುವುದನ್ನು ಬಿಡಲಿಲ್ಲ, ಅದೇ ಭಯಂಕರ. ಫದಿಮಾತಾಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇನೆ ಎಂದು ಮೊದಲೇ ಮಾತು ಕೊಟ್ಟಿದ್ದ, ಅವರಿಗೆ ಕಾರಿರಲಿಲ್ಲ. ಕೆಳಗೆ ವ್ಯಾನು ನಿಲ್ಲಿಸಿ, ಇಳಿದು ಬಾಗಿಲು ತೆರೆದು, "ನಮಸ್ಕಾರ, ಹೇಗಿದ್ದೀರಿ" ಎನ್ನುತ್ತಿದ್ದ. ಅತ್ತಾಹೆರ್ ಕೂಡ "ಚೆನ್ನಾಗಿದ್ದೇವೆ, ನಿಮ್ಮ ದಯೆ" ಎನ್ನುತ್ತಿದ್ದ. ಅನಘ, ಆಗ ನಿನಗೆ ನಾಲ್ಕು ವರ್ಷ. ನೀನು ಕಿಟಕಿಯಲ್ಲಿ ನಿಂತು, "ಅಜ್ಜಿ, ವೈ ಇಸ್ ಹಿ ನಾಟ್ ಶೌಟಿಂಗ್?" ಎಂದು ಕೇಳಿದೆ. ನಾನು ನಿನ್ನನ್ನು ಎತ್ತಿಕೊಂಡು ಒಳಕೋಣೆಗೆ ಹೋದೆ.

ಅವರ ಉಪವಾಸದ ತಿಂಗಳು ಬಂತು. ಒಂದು ಬೆಳಿಗ್ಗೆ ಫದಿಮಾತಾ ಬಂದು ಬಾಗಿಲಲ್ಲೇ ಕುಸಿದು ಕೂತಳು. ತಿಂಗಳು ತುಂಬುತ್ತಿದ್ದ ಹೊಟ್ಟೆ.

"ಇವನು ಊರು ಬಿಡೋಣ ಅಂತಾನೆ. ದೂರದ ರಾಜ್ಯದಲ್ಲಿ ಮಾಂಸದ ಕಾರ್ಖಾನೆ ಐತಂತೆ, ಕೆಲ್ಸ ಕೊಡ್ತಾರಂತೆ. ಈ ವಾರವೇ ಬಸ್ಸು ಹತ್ತೋಣ ಅಂತಾನೆ. ಸೌಮಾನನ ಮರ್ಯಾದೆ ಮಾತು ಕೇಳಿದ್ರೆ ದಿನಾ ಒಂದೊಂದು ಗುಂಡು ತಿಂದಂಗೆ ಆಗ್ತದಂತೆ. ಅಲ್ಲಿ ನನಗೆ ಯಾರವ್ವ? ನೀನಿಲ್ಲ, ಸೌಮಾನ ಇಲ್ಲ. ಬಸ್ಸಲ್ಲೇ ಹೆತ್ತುಬಿಡ್ತೀನೇನೋ."

"ಇಬ್ಬರನ್ನೂ ಕೂರಿಸಿ ಮಾತಾಡಿಸಬಾರದೇನವ್ವ?" ಎಂದೆ.

"ಕೂತ್ರೆ ತಾನೆ? ನಾನು ಕೇಳಿದ್ರೆ ಇವನು ಕೂಗಾಡಿ ಎದ್ದು ಹೋಗ್ತಾನೆ." ಅವಳು ನನ್ನ ಕೈ ಹಿಡಿದುಕೊಂಡಳು. "ನೀನು ಬಂದು ಕೂತ್ಕೋ. ಅತ್ತೆ ಕೂತಿರೋ ಕಡೆ ಇವನು ಕೂಗೋಂಗಿಲ್ಲ, ನಿನಗಿಂತ ಮೊದ್ಲು ಏಳೋಂಗಿಲ್ಲ. ನಾಚಿಕೆ ಬಿಡಲ್ಲ ಇವನನ್ನ. ಸೌಮಾನನ್ನ ಉಪವಾಸ ಬಿಡೋಕೆ ಕರೀತೀನಿ. ಆ ಕರೆಗೆ ಯಾರೂ ಇಲ್ಲ ಅನ್ನಲ್ಲ."

"ಅಯ್ಯೋ ಶಿವ್ನೇ, ನಾನಾ?" ಎಂದೆ. "ನನ್ನ ಸ್ವಂತ ಅಳಿಯಂದಿರ ಮುಂದೇ ನಾನು ಕೂತಿಲ್ಲ ಕಣವ್ವ."

"ಅದಕ್ಕೇ ನೀನು" ಎಂದಳು.

ಹಗಲೆಲ್ಲ ನನಗೆ ಎದೆ ಹೊಡೆದುಕೊಂಡಿತು. ನಿಶಾಂತ, ಕೈಗೂಸಾಗಿದ್ದ ನಿನಗೆ ನೀರು ಹಾಕುವಾಗ ನಾನು ಎರಡು ಸಲ ಸೋಪು ಹಚ್ಚಿದ್ದನ್ನು ನೋಡಿ ನಿಮ್ಮಮ್ಮ, "ಅವ್ವ, ಬೇಡ ಅಂದ್ರೆ ಹೋಗ್ಬೇಡ, ನಾವ್ಯಾಕೆ ಅವ್ರ ವಿಷ್ಯಕ್ಕೆ?" ಎಂದಳು. ಇಳಿಹೊತ್ತಿಗೆ ಸೀರೆ ಬದಲಿಸಿ, ತಲೆಗೆ ಸೆರಗು ಹೊದ್ದು, ಒಂದು ಪಾತ್ರೆಯಲ್ಲಿ ಹುರುಳಿಕಾಳಿನ ಸಾರು ಹಿಡಿದುಕೊಂಡು ಪಕ್ಕದ ಮನೆಗೆ ಹೋದೆ.

ಚಾಪೆಯ ಮೇಲೆ ತಟ್ಟೆಯಲ್ಲಿ ಖರ್ಜೂರ, ಹಾಲು. ಒಂದು ಕಡೆ ಸೌಮಾನ, ಇನ್ನೊಂದು ಕಡೆ ಅತ್ತಾಹೆರ್. ಫದಿಮಾತಾ ನನ್ನನ್ನು ನಡುವೆ ಕೂರಿಸಿದಳು. ಅತ್ತಾಹೆರ್ ಬಟ್ಟೆಯನ್ನು ಕಣ್ಣಿನ ಕೆಳಗಿನವರೆಗೂ ಎಳೆದುಕೊಂಡ. ನಾನು ತಲೆ ಎತ್ತಲಿಲ್ಲ. ನನ್ನ ಕಾಲ್ಬೆರಳುಗಳನ್ನೇ ನೋಡುತ್ತ ಕೂತೆ. ಬೆವರು ಬೆನ್ನಿನ ಮೇಲೆ ಇಳಿಯುತ್ತಿತ್ತು. ಹೊರಗೆ ಮಳೆ.

"ಕೇಳಬಹುದೇ?" ಎಂದ ಸೌಮಾನ, ಅದೇ ಮರ್ಯಾದೆಯ ದನಿಯಲ್ಲಿ. "ಆ ದಿನ ನೀವಿದ್ರಾ?"

ಅತ್ತಾಹೆರನ ಉಸಿರು ಬಟ್ಟೆಯನ್ನು ಒಳಕ್ಕೆ ಎಳೆಯಿತು, ಹೊರಕ್ಕೆ ಬಿಟ್ಟಿತು. ನಾನಿಲ್ಲದಿದ್ದರೆ ಅವನು ಎದ್ದು ಹೋಗುತ್ತಿದ್ದ. ಅವನ ಮೊಣಕಾಲು ಒಂದು ಸಲ ಏಳಲು ಹೊರಟದ್ದನ್ನು ನಾನು ಕಂಡೆ. ಮತ್ತೆ ಕೂತ.

"ಇದ್ದೆ" ಎಂದ, ಮೆಲ್ಲಗೆ. "ಮೇಲಿಂದ ಹಾರಿಸಿದ್ವಿ. ಕೆಳಗೆ ಲಾರಿ ದೀಪ ಮಾತ್ರ ಕಾಣ್ತಿತ್ತು. ಯಾರ ಗುಂಡು ಯಾರಿಗೆ ತಾಕ್ತೋ ಗೊತ್ತಿಲ್ಲ. ನಂದಲ್ಲ ಅಂತ ನಾನು ಹೇಳಲ್ಲ."

ಮಕ್ಕಳೇ, ಆ ಮಾತು ಬಿದ್ದಾಗ ನನಗೆ ಕಿವಿ ಗುಂಯ್ ಎಂದಿತು. ಇಲ್ಲ ಎನ್ನುತ್ತಾನೆ ಎಂದುಕೊಂಡಿದ್ದೆ. ಇಲ್ಲ ಎನ್ನಲಿ ಎಂದು ದೇವರಿಗೆ ಹರಸಿಕೊಂಡಿದ್ದೆ. ಸುಳ್ಳಾದರೂ ಸರಿ. ಅವನು ಅತ್ತೆಯ ಮುಂದೆ ಸುಳ್ಳನ್ನೂ ಹೇಳಲಾರದೆ ಹೋದ.

"ಹಾಮ ಒಬ್ಬ ಅಡುಗೆಯೋನು," ಎಂದ ಸೌಮಾನ. "ಅವನ ಕೈಲಿ ಸೌಟಿತ್ತು."

"ನಮ್ಮಪ್ಪನ ಕೈಲಿ ಹಗ್ಗ ಇತ್ತು" ಎಂದ ಅತ್ತಾಹೆರ್.

ಅಷ್ಟೇ. ಯಾರೂ ಕೂಗಲಿಲ್ಲ. ಸೌಮಾನನ ಕಣ್ಣಿಂದ ನೀರು ಇಳಿದು ಗಡ್ಡದಲ್ಲಿ ಸೇರುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ. ಕಿಟಕಿ ಕಪ್ಪಾಯಿತು. ಫದಿಮಾತಾ, "ಹೊತ್ತಾಯ್ತು" ಎಂದು ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. ಸೌಮಾನ ಒಂದು ಖರ್ಜೂರ ತೆಗೆದುಕೊಂಡು ಕೈಯಲ್ಲೇ ಹಿಡಿದುಕೊಂಡ. ಅತ್ತಾಹೆರನೂ ಒಂದು ತೆಗೆದುಕೊಂಡ. ದಿನವೆಲ್ಲ ನೀರಿಲ್ಲದ ಬಾಯಿ, ಎದುರಿಗೆ ಅತ್ತೆ. ಏಳುವಂತಿಲ್ಲ, ತಿನ್ನದೆ ಇರುವಂತೆಯೂ ಇಲ್ಲ. ಕೂತಲ್ಲೇ ಮೆಲ್ಲಗೆ ತಿರುಗಿ, ಗೋಡೆಗೆ ಮುಖ ಮಾಡಿ, ಬಟ್ಟೆಯ ಕೆಳಗೆ ಕೈ ತೂರಿಸಿ, ಕದ್ದು ತಿನ್ನುವವನ ಹಾಗೆ ಖರ್ಜೂರವನ್ನು ಬಾಯಿಗೆ ಹಾಕಿಕೊಂಡ. ಬೀಜವನ್ನು ಎಲ್ಲಿ ಉಗುಳಬೇಕೋ ತಿಳಿಯದೆ ಅವನ ಕುತ್ತಿಗೆ ಆ ಕಡೆ ಈ ಕಡೆ ಆಡಿತು.

ಸೌಮಾನ ಅದನ್ನೇ ನೋಡುತ್ತಿದ್ದ. ಅವನ ಗಂಟಲಿನಿಂದ ಒಂದು ಶಬ್ದ ಬಂತು. ಮತ್ತೆ ಅಳು ಎಂದುಕೊಂಡೆ.

"ನೋಡಮ್ಮ ನಿನ್ನ ಅಳಿಯನ್ನ," ಎಂದ. ದನಿ ಒಡೆದಿತ್ತು, ಒಂದೊಂದು ಮಾತನ್ನೂ ಕಲ್ಲು ಎತ್ತುವಂತೆ ಎತ್ತಿ ಇಟ್ಟ. "ಗೋಡೆ ನೋಡ್ಕೊಂಡು ಮೇಯೋ ಆಡು. ನಮ್ಮ ತಾತನ ಕಾಲದಿಂದ ನಮ್ಮನೆ ಗುಲಾಮ... ಬೀಜ ಉಗಿಯೋದ ಇನ್ನೂ ಕಲ್ತಿಲ್ಲ."

ಗೋಡೆಗೆ ಮುಖ ಮಾಡಿದ ಬೆನ್ನು ಅಲುಗಾಡದೆ ನಿಂತಿತು. ನಾನು ಕಾದೆ. ಬೈದರೆ ತಿರುಗಿ ಬೈಯಲೇಬೇಕು, ಬೈಯದಿದ್ದರೆ ಹರಿದ ಹಾಗೆ ಎಂದು ಸೌಮಾನನೇ ಹೇಳಿದ್ದ. ಅತ್ತಾಹೆರ್ ಬಾಯಿ ಬಿಡಲಿಲ್ಲ. ಸೌಮಾನನ ಮುಖ ಮತ್ತೆ ಇಳಿಯತೊಡಗಿತು. ಅವನು ಕೈಯಲ್ಲಿದ್ದ ಖರ್ಜೂರವನ್ನು ತಟ್ಟೆಗೆ ವಾಪಸು ಇಡಲು ಹೋದ.

ಆಗ ನನಗೆ ತಿಳಿಯಿತು. ತಿಳಿದು ಮೈಯೆಲ್ಲ ಜುಂ ಎಂದಿತು. ಅವನು ಬೈಯುವುದಾದರೂ ಹೇಗೆ? ನಾನು ಇಲ್ಲಿ ಕೂತಿದ್ದೇನಲ್ಲ!

ನಾನು ಎದ್ದೆ. ಸೆರಗು ಸರಿಮಾಡಿಕೊಂಡೆ. ಯಾರ ಮುಖವನ್ನೂ ನೋಡದೆ ಬಾಗಿಲು ತೆರೆದು ಹೊರಗೆ ಬಂದು, ಹಿಂದಿನಿಂದ ಬಾಗಿಲನ್ನು ಎಳೆದುಕೊಂಡೆ. ಮಹಡಿಯ ಕಟಕಟೆ ಹಿಡಿದು ನಿಂತೆ. ಸೂರಿನಿಂದ ಮಳೆನೀರು ನನ್ನ ಭುಜದ ಮೇಲೆ ಬೀಳುತ್ತಿತ್ತು. ಅತ್ತ ನಮ್ಮ ಮನೆಯ ಕಿಟಕಿಯಲ್ಲಿ ನಿಮ್ಮಮ್ಮ, ನಿಮ್ಮಪ್ಪ ಇಬ್ಬರೂ ನಿಂತು ನನ್ನನ್ನೇ ನೋಡುತ್ತಿದ್ದರು. ಒಳಗೆ ಸದ್ದಿಲ್ಲ. ಎಲ್ಲ ಮುಗಿಯಿತು, ನಾಳೆ ಈ ಹುಡುಗಿ ಬಸ್ಸು ಹತ್ತುತ್ತಾಳೆ ಎಂದುಕೊಂಡೆ.

ಆ ದೇಶದಲ್ಲಿ ಆಮೇಲೂ ಬಂದೂಕುಗಳು ಎದ್ದವು, ಮತ್ತೆ ಒಪ್ಪಂದಗಳಾದವು ಎಂದು ನಿಮ್ಮಪ್ಪ ಪೇಪರು ನೋಡಿ ಹೇಳುತ್ತಿದ್ದರು. ಕೇಳಿದಾಗಲೆಲ್ಲ ನನಗೆ ಹೊಸದಾಗಿ ದಿಗಿಲಾಗುತ್ತದೆ. ಆದರೆ ಆ ಸೀದ ಸಕ್ಕರೆಯ ವಾಸನೆ ಬಂದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಆ ಬಾಗಿಲ ಹೊರಗೆ, ಆ ಮಳೆಯಲ್ಲಿ. ಒದ್ದೆ ಸೆರಗು ಬಾಯಿಗೆ ಒತ್ತಿಕೊಂಡು, ಮುಚ್ಚಿದ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದೇನೆ. ಒಳಗೆ ಯಾರೋ ಖರ್ಜೂರದ ಬೀಜವನ್ನು ಥೂ ಎಂದು ಉಗುಳಿದ್ದು ಕೇಳಿಸುತ್ತದೆ. ಆಮೇಲೆ, ಅಪಾರ್ಟ್‌ಮೆಂಟಿನ ಅಷ್ಟೂ ಮನೆಗಳಿಗೆ ಕೇಳುವಂತೆ, ಆ ನಾಚಿಕೆಯ ಹುಡುಗನ ದನಿ:

"ಲೇ ಕಪ್ಪೆ!"